ಮೊಬೈಲ್ ಮೆನುವಿನಲ್ಲಿ ಸ್ಯಾಂಡ್‌ವಿಚ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಣ್ಣ ಹೋಟೆಲ್, ಕೆಫೆ, ಬೇಕರಿ ನಡೆಸುವವರ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತೇವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯೂಆರ್ ಮೆನುವಿನ ಸ್ಯಾಂಡ್‌ವಿಚ್ ವಿಭಾಗದ ಬಗ್ಗೆಯೇ ಇದ್ದವು. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಎಂಟು ಟೇಬಲ್ಲಿನ ಕೆಫೆ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಪಿಡಿಎಫ್ ಮೆನು ತೆರೆಯುತ್ತದೆ. ಅದರಲ್ಲಿ ಸ್ಯಾಂಡ್‌ವಿಚ್ಚೇ 27 ಬಗೆ. ಜನ ಮೇಲೆ ಕೆಳಗೆ ಬೆರಳಾಡಿಸಿ, ಕೊನೆಗೆ ಹುಡುಗನನ್ನು ಕರೆದು ‘ಏನು ಚೆನ್ನಾಗಿದೆ?’ ಎಂದು ಕೇಳುತ್ತಾರೆ. ಇಲ್ಲದಿದ್ದರೆ ಬರೀ ಕಾಫಿ ಹೇಳುತ್ತಾರೆ. ಪಟ್ಟಿ ಲಗತ್ತಿಸಿದ್ದೇನೆ. ಹೇಗೆ ಜೋಡಿಸಲಿ? — ಓದುಗರು, ಜಯನಗರ

ಉತ್ತರ: ನಿಮ್ಮ ಪಟ್ಟಿಯಲ್ಲಿ ‘ವೆಜ್’, ‘ವೆಜ್ ಟೋಸ್ಟ್’, ‘ವೆಜ್ ಗ್ರಿಲ್’ ಎಂದು ಒಂದೇ ಫಿಲ್ಲಿಂಗ್ ಮೂರು ಸಲ ಬಂದಿದೆ. ಆಲೂ, ಪನೀರ್, ಕಾರ್ನ್, ಮೊಟ್ಟೆಯದ್ದೂ ಹಾಗೆಯೇ. ಅಂದರೆ ನಿಮ್ಮ ಅಡುಗೆಮನೆಯಲ್ಲಿ ಇರುವುದು 9 ಸ್ಯಾಂಡ್‌ವಿಚ್. ಮೆನುವಿನಲ್ಲೂ 9 ಸಾಲೇ ಇರಲಿ. ಸಾದಾ, ಟೋಸ್ಟ್, ಗ್ರಿಲ್ ಎನ್ನುವುದು ಆ ಸಾಲನ್ನು ಒತ್ತಿದ ಮೇಲೆ ಬರುವ ಆಯ್ಕೆಯಾಗಲಿ. ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಪಿಡಿಎಫ್ ಅನ್ನು ಇವತ್ತೇ ಬಿಡಿ. ಎ4 ಹಾಳೆಗೆ ಮಾಡಿದ ಪುಟ ಅಂಗೈಯಗಲದ ಪರದೆಗೆ ಇಳಿದಾಗ ಅಕ್ಷರ ಇರುವೆಯಷ್ಟಾಗುತ್ತದೆ. ಗಿರಾಕಿ ಎರಡು ಬೆರಳಲ್ಲಿ ಹಿಗ್ಗಿಸಿದರೆ ಹೆಸರು ಕಾಣುತ್ತದೆ, ಬೆಲೆ ಆಚೆ ಸರಿಯುತ್ತದೆ. ಪನೀರ್ ಮುಗಿದಿದೆ ಎಂದು ಮಧ್ಯಾಹ್ನ ಗುರುತು ಹಾಕಲೂ ಅದರಲ್ಲಿ ದಾರಿಯಿಲ್ಲ. ಮೊಬೈಲಿಗೆಂದೇ ಮಾಡಿದ ಒಂದೇ ಕಾಲಂನ ವೆಬ್ ಪುಟ ಸಾಕು. ಹೆಸರಿನ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಾಗದಿರಲಿ. ‘ಸೇರಿಸಿ’ ಗುಂಡಿ ಕನಿಷ್ಠ 48 ಪಿಕ್ಸೆಲ್ ಎತ್ತರ ಇರಲಿ. ಬೆಣ್ಣೆ ತಾಗಿದ ಬೆರಳು ಸಣ್ಣ ಗುಂಡಿಯನ್ನು ತಪ್ಪಿಸುತ್ತದೆ.

ಇನ್ನು ಉಳಿದ 9ರಲ್ಲಿ ಯಾವುದು ಮೊದಲು? ಕಳೆದ ಮೂರು ತಿಂಗಳ ಬಿಲ್ಲಿಂದ ಎರಡು ಲೆಕ್ಕ ತೆಗೆಯಿರಿ: ಪ್ರತಿಯೊಂದೂ ಎಷ್ಟು ಹೋಗಿದೆ, ಪ್ರತಿಯೊಂದರಲ್ಲೂ ಖರ್ಚು ಕಳೆದು ಕೈಗೆ ಎಷ್ಟು ಉಳಿದಿದೆ. ಎರಡರಲ್ಲೂ ಮುಂದಿರುವವು ಮೊದಲ ನಾಲ್ಕು ಜಾಗಕ್ಕೆ ಬರಬೇಕು. ಫೋಟೊ ಇಲ್ಲದ ಪಟ್ಟಿಯಲ್ಲಿ ಬೆರಳಾಡಿಸದೆ ಕಾಣುವುದು ನಾಲ್ಕೈದು ಸಾಲು ಮಾತ್ರ. ತುಂಬ ಹೋಗುತ್ತದೆ, ಆದರೆ ಲಾಭ ಕಡಿಮೆ ಎನ್ನುವುದನ್ನು ಐದನೆಯದೋ ಆರನೆಯದೋ ಮಾಡಿ. ಅದು ಬೇಕಾದವರು ಹುಡುಕಿಯೇ ಹುಡುಕುತ್ತಾರೆ. ದಿನಕ್ಕೆ ಒಂದೂ ಹೋಗದ್ದನ್ನು ತೆಗೆದುಹಾಕಿ. ಅದರ ಸಾಮಾನೆಲ್ಲ ಬೇರೆ ತಿಂಡಿಗೂ ಬಳಕೆಯಾಗುವಂತಿದ್ದರೆ ಮಾತ್ರ ಇರಲಿ. ಬೆಲೆಯ ಏರಿಕೆ ಕ್ರಮದಲ್ಲಿ ಜೋಡಿಸಬೇಡಿ. ಹಾಗೆ ಜೋಡಿಸಿದರೆ ಗಿರಾಕಿಯ ಕಣ್ಣು ತಿಂಡಿ ಬಿಟ್ಟು ಅಂಕಿಯನ್ನೇ ಓದುತ್ತಾ ಇಳಿಯುತ್ತದೆ.

ಪುಟದ ತಲೆಯಲ್ಲಿ ಮೂರು ಗುಂಡಿ ಇರಲಿ: ಸಸ್ಯಾಹಾರ, ಮೊಟ್ಟೆ, ಚಿಕನ್. ಜಯನಗರದಂಥ ಕಡೆ ಗಿರಾಕಿ ಮೊದಲು ಕೇಳುವುದೇ ಇದನ್ನು. ಉಪವಿಭಾಗಗಳನ್ನು ಬ್ರೆಡ್ಡಿನ ಹೆಸರಲ್ಲಿ ಮಾಡಬೇಡಿ. ‘ಕಾಫಿ ಜೊತೆಗೆ’, ‘ಹೊಟ್ಟೆ ತುಂಬ’ ಎಂದು ಹಸಿವಿನ ಮೇಲೆ ಎರಡು ಗುಂಪು ಮಾಡಿದರೆ ಸಂಜೆ ನಾಲ್ಕಕ್ಕೆ ಬಂದವರಿಗೂ ಮಧ್ಯಾಹ್ನ ಊಟದ ಬದಲು ಬಂದವರಿಗೂ ತಮ್ಮ ಜಾಗ ತಕ್ಷಣ ಸಿಗುತ್ತದೆ.

ಹೆಸರು, ವಿವರಣೆಯ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಸ್ಯಾಂಡ್‌ವಿಚ್ ಮುಚ್ಚಿದ ತಿಂಡಿ. ದೋಸೆ, ಇಡ್ಲಿಯ ಹಾಗೆ ಪಕ್ಕದ ಮೇಜಿನಲ್ಲಿ ನೋಡಿದರೂ ಒಳಗೇನಿದೆ ಎಂದು ತಿಳಿಯುವುದಿಲ್ಲ. ಆದ್ದರಿಂದ ಆ ಕೆಲಸ ಪೂರ್ತಿ ಅಕ್ಷರದ ಮೇಲೆಯೇ ಬೀಳುತ್ತದೆ. ನಿಮ್ಮ ‘ಸೂಪರ್ ಸ್ಪೆಷಲ್’, ‘ಗಾರ್ಡನ್ ಡಿಲೈಟ್’ ಯಾರಿಗೂ ಏನನ್ನೂ ಹೇಳುವುದಿಲ್ಲ. ಹೆಸರಿನಲ್ಲಿ ಮುಖ್ಯ ಸಾಮಾನು ಬರಲಿ. ಕೆಳಗಿನ ಒಂದು ಸಾಲಿನಲ್ಲಿ ಉಳಿದದ್ದು, ಚಟ್ನಿ ಅಥವಾ ಸಾಸ್, ಖಾರದ ಮಟ್ಟ, ತುಂಡಿನ ಲೆಕ್ಕ ಬರಲಿ. ಹೀಗೆ:

ಬಾಂಬೆ ಮಸಾಲ ಸ್ಯಾಂಡ್‌ವಿಚ್. ಬೇಯಿಸಿದ ಆಲೂಗೆಡ್ಡೆ, ಬೀಟ್‌ರೂಟ್, ಸೌತೆ, ಟೊಮೆಟೊ, ಈರುಳ್ಳಿ, ಪುದೀನ–ಕೊತ್ತಂಬರಿ ಚಟ್ನಿ. ಖಾರ ಇದೆ. 4 ತುಂಡು.

ಕಾಂಗ್ರೆಸ್ ಬೆಣ್ಣೆ ಸ್ಯಾಂಡ್‌ವಿಚ್. ಬೆಣ್ಣೆ, ಖಾರ ಹಚ್ಚಿದ ಹುರಿದ ಕಡಲೆಕಾಯಿ ಬೀಜ, ಈರುಳ್ಳಿ, ಕೊತ್ತಂಬರಿ. ಮಧ್ಯಮ ಖಾರ. 2 ತುಂಡು.

ಎರಡನೆಯದನ್ನು ನೋಡಿ. ಅಯ್ಯಂಗಾರ್ ಬೇಕರಿಗೆ ಹೋಗಿ ಬೆಳೆದವರಿಗೆ ‘ಕಾಂಗ್ರೆಸ್’ ಎಂದರೆ ಸಾಕು. ಹೊರ ರಾಜ್ಯದಿಂದ ಬಂದು ಆರು ತಿಂಗಳಾದವರಿಗೆ ಅದು ಕಡಲೆಕಾಯಿ ಎಂದು ಬರೆಯದಿದ್ದರೆ ತಿಳಿಯುವುದಿಲ್ಲ. ಕಡಲೆಕಾಯಿ ಅಲರ್ಜಿ ಇರುವವರಿಗೂ ಆ ಒಂದು ಪದ ಕಾವಲು. ‘ಗರಿಗರಿ’, ‘ಬಿಸಿಬಿಸಿ’ ಎಂದು ಬರೆಯುವ ಮುಂಚೆ ಅದು ಮೇಜಿಗೆ ಬಂದಾಗಲೂ ಹಾಗೇ ಇರುತ್ತದೆಯೇ ನೋಡಿಕೊಳ್ಳಿ.

ಒತ್ತಿದ ಮೇಲಿನ ಆಯ್ಕೆಗಳಲ್ಲಿ ಕಡ್ಡಾಯವಾದದ್ದು ಒಂದೇ ಇರಲಿ: ಸಾದಾ, ಟೋಸ್ಟ್ ಅಥವಾ ಗ್ರಿಲ್. ಅದರಲ್ಲೂ ಹೆಚ್ಚು ಜನ ಹೇಳುವುದು ಮೊದಲೇ ಗುರುತಾಗಿರಲಿ. ಬ್ರೆಡ್ ಬದಲು, ಹೆಚ್ಚುವರಿ ಚೀಸ್, ಖಾರ ಕಡಿಮೆ ಇವೆಲ್ಲ ಬೇಕಾದವರಿಗೆ ಮಾತ್ರ. ಕಡ್ಡಾಯ ಪ್ರಶ್ನೆ ನಾಲ್ಕಾದರೆ ಗಿರಾಕಿ ನಡುವಿನಲ್ಲೇ ಫೋನ್ ಕೆಳಗಿಡುತ್ತಾನೆ. ಹೀಗೆ ಮೂರನ್ನು ಒಂದಾಗಿಸಿದಾಗ ಅಡುಗೆಮನೆಯಲ್ಲಿ ಒಂದು ಎಡವಟ್ಟು ಖಂಡಿತ ಆಗುತ್ತದೆ: ಕೆಒಟಿ (ಅಡುಗೆಮನೆಗೆ ಹೋಗುವ ಆರ್ಡರ್) ಚೀಟಿಯಲ್ಲಿ ‘ಬಾಂಬೆ ಮಸಾಲ’ ದಪ್ಪಗೆ, ‘ಗ್ರಿಲ್’ ಅದರ ಕೆಳಗೆ ಸಣ್ಣಗೆ ಅಚ್ಚಾಗಿ, ಗ್ರಿಲ್ ಹೇಳಿದವರಿಗೆ ಸಾದಾ ಹೋಗುತ್ತದೆ. ಬಿಲ್ಲಿಂಗ್ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ವಿಧಾನ ಮೊದಲು, ಹೆಸರು ಆಮೇಲೆ ಬರುವಂತೆ ಮಾಡಿಸಿ: ‘ಗ್ರಿಲ್ – ಬಾಂಬೆ ಮಸಾಲ’.

ಪ್ರಶ್ನೆ: ಸಂಜೆ ಐದೂವರೆಯಿಂದ ಆರೂವರೆ ತನಕ ಗ್ರಿಲ್ ಮುಂದೆ ಚೀಟಿ ಸಾಲುಗಟ್ಟುತ್ತದೆ. ಇನ್ನೊಂದು ಗ್ರಿಲ್ ಇಡಲು ಜಾಗವಿಲ್ಲ. ಮೆನು ಬದಲಿಸಿದರೆ ಏನಾದರೂ ಉಪಯೋಗವಿದೆಯೇ? — ಓದುಗರು, ಮಲ್ಲೇಶ್ವರ

ಉತ್ತರ: ಇದೆ. ಮೊದಲು ಲೆಕ್ಕ. ನಿಮ್ಮ ಗ್ರಿಲ್‌ನಲ್ಲಿ ಒಮ್ಮೆಗೆ 2 ಸ್ಯಾಂಡ್‌ವಿಚ್ ಎಂದಿದ್ದೀರಿ. ಗ್ರಿಲ್ ಆಗುವುದಕ್ಕೆ 4 ನಿಮಿಷ, ತೆಗೆದು ಒರೆಸಿ ಮತ್ತೆ ಇಡಲು 1 ನಿಮಿಷ. 5 ನಿಮಿಷಕ್ಕೆ 2 ಎಂದರೆ ಗಂಟೆಗೆ 24. ಆ ಒಂದು ಗಂಟೆಯಲ್ಲಿ 40 ಗ್ರಿಲ್ ಆರ್ಡರ್ ಬಂದರೆ ಎಲ್ಲ ಮುಗಿಯಲು 100 ನಿಮಿಷ ಬೇಕು. ಕೊನೆಯವರು 40 ನಿಮಿಷ ಕಾಯುತ್ತಾರೆ. ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಈ ಅಂಕಿ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಗಂಟೆಗೆ ಬರುವ ಗ್ರಿಲ್ ಚೀಟಿಗಳ ಸಂಖ್ಯೆ.

ಮೆನುವಿನ ಮೊದಲ ನಾಲ್ಕು ಸಾಲಿನಲ್ಲಿ ಈಗ ನಾಲ್ಕೂ ಗ್ರಿಲ್ ಇವೆ. ಎರಡನ್ನು ತೆಗೆದು, ಗ್ರಿಲ್ ಬೇಡದ ಎರಡನ್ನು ಅಲ್ಲಿಗೆ ತನ್ನಿ. ಒಂದು ಸಾದಾ ಚಟ್ನಿ ಸ್ಯಾಂಡ್‌ವಿಚ್, ಇನ್ನೊಂದು ಕಾವಲಿಯ ಮೇಲಿನ ಮಸಾಲ ಟೋಸ್ಟ್. ಕಾವಲಿ ಹೇಗೂ ಬಿಸಿಯಾಗಿರುತ್ತದೆ. ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ ಪಲ್ಯ ಹಚ್ಚಿದ ಬೇಕರಿ ಶೈಲಿಯ ಟೋಸ್ಟ್ ಒಮ್ಮೆಗೆ ಆರೆಂಟು ಹಿಡಿಯುತ್ತದೆ. ಕಾಫಿ ಜೊತೆಗಿನ ಕಾಂಬೊ ಈ ಎರಡಕ್ಕೇ ಇರಲಿ, ಗ್ರಿಲ್‌ಗೆ ಬೇಡ. ಹೆಚ್ಚಿನ ಡಿಜಿಟಲ್ ಮೆನುಗಳಲ್ಲಿ ಹೊತ್ತಿಗೆ ತಕ್ಕಂತೆ ಸಾಲು ಬದಲಿಸುವ ಸೌಲಭ್ಯವಿದೆ. 5ರಿಂದ 7ರವರೆಗೆ ಈ ಕ್ರಮ, ಉಳಿದ ಹೊತ್ತಿಗೆ ಹಳೆಯ ಕ್ರಮ ಎಂದು ಇಡಿ. ಗ್ರಿಲ್ ಸಾಲುಗಳ ಪಕ್ಕ ‘15 ನಿಮಿಷ’ ಎಂದು ಬರೆಯಿರಿ. 10 ಎಂದು ಬರೆದು 15ಕ್ಕೆ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

4 ನಿಮಿಷ 6 ಆಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಫಿಲ್ಲಿಂಗ್. ಫ್ರಿಜ್‌ನಿಂದ ತೆಗೆದ ಆಲೂ ಪಲ್ಯವನ್ನು ಉಂಡೆಯಾಗಿ ಇಟ್ಟರೆ ಬ್ರೆಡ್ ಕಪ್ಪಾದರೂ ನಡುವೆ ತಣ್ಣಗೇ ಇರುತ್ತದೆ. 60 ಗ್ರಾಂ ತೂಗಿ, ಅಂಚಿನವರೆಗೆ ಸಮವಾಗಿ ತೆಳ್ಳಗೆ ಹರಡಬೇಕು. ಆಯಿತೇ ಎಂದು ಪದೇ ಪದೇ ಮುಚ್ಚಳ ಎತ್ತಿ ನೋಡುವುದನ್ನೂ ನಿಲ್ಲಿಸಿ. ಪ್ರತಿ ಸಲವೂ ಮೇಲಿನ ತಟ್ಟೆಯ ಕಾವು ಇಳಿಯುತ್ತದೆ.

ಪ್ರಶ್ನೆ: ಮೆನು ಕನ್ನಡದಲ್ಲೂ ಇರಲಿ ಎಂದು ಮಾಡಿಸಿದೆವು. ಕೆಲವು ಫೋನ್‌ಗಳಲ್ಲಿ ಒತ್ತಕ್ಷರ ಕತ್ತರಿಸಿ ಕಾಣುತ್ತದೆ, ಹಳೆಯ ಫೈಲ್‌ನಿಂದ ತಂದ ಸಾಲುಗಳು ಅರ್ಥವಾಗದ ಇಂಗ್ಲಿಷ್ ಗುರುತುಗಳಾಗಿವೆ. ಡಿಸೈನ್ ಮಾಡಿದವರು ‘ಕನ್ನಡ ಬಿಟ್ಟುಬಿಡಿ’ ಎನ್ನುತ್ತಾರೆ. — ಓದುಗರು, ಬಸವನಗುಡಿ

ಉತ್ತರ: ದಯವಿಟ್ಟು ಬಿಡಬೇಡಿ. ನೀವು ಹೇಳಿದ ಎರಡು ತೊಂದರೆಗೂ ಖಚಿತವಾದ ಪರಿಹಾರವಿದೆ.

ಅರ್ಥವಾಗದ ಗುರುತುಗಳು ಬರುವುದು ಹಳೆಯ ಫೈಲನ್ನು ಯೂನಿಕೋಡ್ (ಎಲ್ಲ ಫೋನ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ‘ನುಡಿ’ ಅಥವಾ ‘ಬರಹ’ ಫಾಂಟ್‌ನಲ್ಲಿ ಟೈಪ್ ಮಾಡಿರುವುದರಿಂದ. ಆ ಫಾಂಟ್ ಇಲ್ಲದ ಫೋನ್‌ಗೆ ಅದು ಬರೀ ಇಂಗ್ಲಿಷ್ ಗುರುತುಗಳ ಸಾಲು. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಆಮೇಲೆ ಒಂದೊಂದು ಸಾಲನ್ನೂ ಕಣ್ಣಾರೆ ಓದಿ. ಅರ್ಕಾವತ್ತು ಇರುವ ಪದಗಳಲ್ಲಿ ತಪ್ಪು ಉಳಿಯುವುದುಂಟು. ‘ಕಾರ್ನ್’ ಎನ್ನುವ ಪದವನ್ನೇ ಮೊದಲು ಪರೀಕ್ಷಿಸಿ.

ಒತ್ತಕ್ಷರ ಕತ್ತರಿಸುವುದಕ್ಕೆ ಕಾರಣ ಸಾಲಿನ ಎತ್ತರ. ಇಂಗ್ಲಿಷಿಗೆಂದು ಅಕ್ಷರದ ಅಳತೆಯ 1.2 ಪಟ್ಟು ಇಟ್ಟಿರುತ್ತಾರೆ. ‘ಸ್ಯಾಂಡ್‌ವಿಚ್’, ‘ಬೆಳ್ಳುಳ್ಳಿ’, ‘ಕೊತ್ತಂಬರಿ’ ಇವೆಲ್ಲ ಸಾಲಿನ ಕೆಳಗೆ ಜಾಗ ಕೇಳುವ ಪದಗಳು. ಅದನ್ನು 1.6 ಮಾಡಿಸಿ. ಹೆಸರಿನ ಪೆಟ್ಟಿಗೆಗೆ ನಿಗದಿತ ಎತ್ತರ ಕೊಟ್ಟಿದ್ದರೆ ತೆಗೆಸಿ. ಅಕ್ಷರಗಳ ನಡುವಿನ ಅಂತರ ಸೊನ್ನೆಯೇ ಇರಲಿ. ಫಾಂಟನ್ನು ಫೋನಿನ ಇಷ್ಟಕ್ಕೆ ಬಿಡದೆ ಪುಟದ ಜೊತೆಗೇ ಕಳಿಸಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ, ಎರಡರಲ್ಲೂ ಹಲವು ದಪ್ಪಗಳಿವೆ. ಆದರೆ ಸಣ್ಣ ಅಳತೆಯಲ್ಲಿ ತೀರಾ ದಪ್ಪದ್ದು ಬೇಡ; ಒತ್ತಿನ ಒಳಗಿನ ಖಾಲಿ ಜಾಗ ಮುಚ್ಚಿಹೋಗಿ ಅಕ್ಷರ ಮಸಿಯ ಚುಕ್ಕೆಯಂತೆ ಕಾಣುತ್ತದೆ.

ಉದ್ದದ ಹೆಸರನ್ನು ‘ಇಷ್ಟು ಅಕ್ಷರ ಆದಮೇಲೆ ಕತ್ತರಿಸು’ ಎಂದು ಕೊಟ್ಟಿದ್ದರೆ ಅದನ್ನೂ ತೆಗೆಸಿ. ಕಂಪ್ಯೂಟರ್‌ಗೆ ‘ಸ್ಯಾಂ’ ಎನ್ನುವುದು ಐದು ಸಂಕೇತ. ಎಣಿಕೆ ನಡುವಿನಲ್ಲಿ ನಿಂತರೆ ಅರ್ಧಾಕ್ಷರ ಉಳಿಯುತ್ತದೆ. ಕನ್ನಡ ಹೆಸರು ಎರಡು ಸಾಲಿಗೆ ಇಳಿಯಲು ಬಿಡಿ.

ಇನ್ನೊಂದು, ಸ್ಯಾಂಡ್‌ವಿಚ್ ವಿಭಾಗಕ್ಕೇ ಸೇರಿದ್ದು. ‘ಡ್’ ಮತ್ತು ‘ವಿ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕದಿದ್ದರೆ ಅದು ‘ಸ್ಯಾಂಡ್ವಿಚ್’ ಎಂದು ಕೂಡಿಕೊಳ್ಳುತ್ತದೆ. ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಟೈಪ್ ಆಗಿದ್ದರೆ ಹುಡುಕಿದಾಗ ಅರ್ಧ ಪಟ್ಟಿಯೇ ಸಿಗುತ್ತದೆ. ಪ್ರತಿ ಸಾಲಿಗೂ ಹಿಂದಿನಿಂದ ಹುಡುಕುಪದ ಸೇರಿಸುವ ಅವಕಾಶವಿದ್ದರೆ ಎರಡೂ ರೂಪ, ಇಂಗ್ಲಿಷ್ ಕಾಗುಣಿತ, ‘ಬ್ರೆಡ್ ಟೋಸ್ಟ್’ ಎಲ್ಲವನ್ನೂ ಸೇರಿಸಿ. ಮೆನುವಿನಲ್ಲಿ ಹೆಸರು ಎರಡೂ ಭಾಷೆಯಲ್ಲಿ ಒಂದರ ಕೆಳಗೊಂದು ಇರಲಿ, ವಿವರಣೆ ಮಾತ್ರ ಗಿರಾಕಿ ಆರಿಸಿದ ಭಾಷೆಯಲ್ಲಿ ಬರಲಿ. ಆಗ ಮೇಜಿನಲ್ಲಿ ಕೂತವರೂ ಆರ್ಡರ್ ತೆಗೆದುಕೊಳ್ಳುವ ಹುಡುಗನೂ ಒಂದೇ ಹೆಸರು ಹೇಳುತ್ತಾರೆ.

ಕೆಒಟಿ ಪ್ರಿಂಟರ್ ಅನ್ನು ಮರೆಯಬೇಡಿ. ಹೆಚ್ಚಿನ ಥರ್ಮಲ್ ಪ್ರಿಂಟರ್‌ಗಳಲ್ಲಿ ಕನ್ನಡ ಅಕ್ಷರ ಇರುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಗಳೇ ಅಚ್ಚಾಗುತ್ತವೆ. ಚೀಟಿಯನ್ನು ಚಿತ್ರವಾಗಿ ಕಳಿಸುವ ಸೆಟ್ಟಿಂಗ್ ಇದ್ದರೆ ಬಳಸಿ, ಇಲ್ಲದಿದ್ದರೆ ಅಡುಗೆಮನೆಗೆ ಮಾತ್ರ ಇಂಗ್ಲಿಷ್ ಕಿರುಹೆಸರು ಕೊಡಿ.

ಪ್ರಶ್ನೆ: ಹಸಿರು ಚುಕ್ಕೆ, ಜೈನ್, ಅಲರ್ಜಿ, ಕ್ಯಾಲೊರಿ: ಒಂದು ಸ್ಯಾಂಡ್‌ವಿಚ್ ಪಕ್ಕ ಎಷ್ಟು ಗುರುತು ಹಾಕಬೇಕು? — ಓದುಗರು, ರಾಜಾಜಿನಗರ

ಉತ್ತರ: ಪೊಟ್ಟಣಗಳ ಮೇಲೆ ಜನರಿಗೆ ಅಭ್ಯಾಸವಾಗಿರುವ ಗುರುತನ್ನೇ ಬಳಸಿ: ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ದುಂಡು, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ. 2020ರ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ದುಂಡನ್ನು ತ್ರಿಕೋನ ಮಾಡಿದ್ದರಿಂದ ಹಸಿರು–ಕಂದು ಬಣ್ಣ ಗುರುತಿಸಲಾಗದವರಿಗೂ ವ್ಯತ್ಯಾಸ ತಿಳಿಯುತ್ತದೆ. ಮೊಟ್ಟೆಗೂ ಕಂದು ಗುರುತೇ. ಮೇಯನೇಸ್‌ನಲ್ಲಿ ಮೊಟ್ಟೆ ಇದ್ದರೆ ಆ ‘ವೆಜ್ ಮೇಯೊ’ ಸ್ಯಾಂಡ್‌ವಿಚ್ ಸಸ್ಯಾಹಾರವಲ್ಲ. ಡಬ್ಬಿಯ ಹಿಂದಿನ ಪಟ್ಟಿ ಓದಿ, ಬ್ರ್ಯಾಂಡ್ ಬದಲಿಸಿದಾಗಲೆಲ್ಲ ಮತ್ತೆ ಓದಿ.

‘ಜೈನ್’ ಮತ್ತು ‘ಈರುಳ್ಳಿ–ಬೆಳ್ಳುಳ್ಳಿ ಇಲ್ಲ’ ಎರಡನ್ನೂ ಒಂದೇ ಗುರುತಿನಲ್ಲಿ ಸೇರಿಸಬೇಡಿ. ಎರಡನೆಯದನ್ನು ಕೇಳುವವರು ಆಲೂಗೆಡ್ಡೆ ತಿನ್ನುತ್ತಾರೆ. ಜೈನ್ ಎಂದರೆ ಆಲೂಗೆಡ್ಡೆ, ಕ್ಯಾರೆಟ್, ಬೀಟ್‌ರೂಟ್ ಮೂರೂ ಇರಬಾರದು. ಹಾಗಾಗಿ ಬಾಂಬೆ ಮಸಾಲದಲ್ಲಿ ಈರುಳ್ಳಿ ತೆಗೆದು ‘ಜೈನ್’ ಎನ್ನುವಂತಿಲ್ಲ. ಸೌತೆ, ಟೊಮೆಟೊ, ದಪ್ಪ ಮೆಣಸಿನಕಾಯಿ, ಪನೀರ್ ಹಾಕಿ, ಬೆಳ್ಳುಳ್ಳಿಯಿಲ್ಲದ ಚಟ್ನಿಯಲ್ಲಿ ಒಂದು ಪ್ರತ್ಯೇಕ ಸಾಲು ಮಾಡಿ. ಸಸ್ಯಾಹಾರಕ್ಕೆ ಬೇರೆ ಗ್ರಿಲ್, ಬೇರೆ ಚಾಕು ಇದ್ದರೆ ವಿಭಾಗದ ತಲೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ‘ಒಂದೇ ಗ್ರಿಲ್ ಬಳಸುತ್ತೇವೆ’ ಎಂದೂ ಅಲ್ಲೇ ಬರೆಯಿರಿ. ತಿಂದ ಮೇಲೆ ತಿಳಿಯುವುದು ಅವರಿಗೆ ಮಾಡುವ ಅನ್ಯಾಯ.

ಅಲರ್ಜಿಗೆ ಚಿತ್ರಗಳ ಮಾಲೆ ಬೇಡ, ಪದ ಸಾಕು: ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ, ಸೋಯಾ. ಹಸಿರು ಚಟ್ನಿಗೆ ಗಟ್ಟಿಯಾಗಲೆಂದು ಕಡಲೆಕಾಯಿ ಹಾಕುವ ಅಡುಗೆಮನೆಗಳಿವೆ, ಕೇಳಿ ತಿಳಿದುಕೊಳ್ಳಿ. ಕ್ಯಾಲೊರಿ ಬರೆಯುವುದು ಕಡ್ಡಾಯವಾಗಿರುವುದು ಕೇಂದ್ರ ಪರವಾನಗಿ ಇರುವ ಅಥವಾ 10 ಮತ್ತು ಹೆಚ್ಚು ಕಡೆ ಮಳಿಗೆ ಇರುವ ಸಂಸ್ಥೆಗಳಿಗೆ. ಒಂದೇ ಅಂಗಡಿಯವರು ಅಂದಾಜಿನ ಅಂಕಿ ಹಾಕುವುದಕ್ಕಿಂತ ಹಾಕದಿರುವುದೇ ಸರಿ. ‘ಗೋಧಿ ಬ್ರೆಡ್’ ಎಂದು ಬರೆಯುವ ಮುಂಚೆಯೂ ಪೊಟ್ಟಣ ನೋಡಿ; ಕಂದು ಬಣ್ಣ ಮೈದಾಕ್ಕೆ ಸೇರಿಸಿದ ಕ್ಯಾರಮೆಲ್‌ನದೂ ಆಗಿರಬಹುದು.

ಪ್ರಶ್ನೆ: ಬೆಲೆ ಹೇಗೆ ನಿಗದಿ ಮಾಡುವುದು? ಜಿಎಸ್‌ಟಿ ಸೇರಿಸಿ ತೋರಿಸಬೇಕೇ? — ಓದುಗರು, ವಿಜಯನಗರ

ಉತ್ತರ: ಒಂದು ಆಲೂ ಚೀಸ್ ಗ್ರಿಲ್‌ನ ಮಾದರಿ ಲೆಕ್ಕ ಕೊಡುತ್ತೇವೆ, ದರಗಳ ಜಾಗದಲ್ಲಿ ನಿಮ್ಮ ಬಿಲ್ಲಿನವನ್ನು ಹಾಕಿಕೊಳ್ಳಿ. ಬ್ರೆಡ್ 2 ಸ್ಲೈಸ್ 7 ರೂ., ಬೆಣ್ಣೆ 12 ಗ್ರಾಂ 7, ಆಲೂ ಪಲ್ಯ 60 ಗ್ರಾಂ 4, ತರಕಾರಿ 5, ಚಟ್ನಿ 15 ಗ್ರಾಂ 2, ಚೀಸ್ 1 ಸ್ಲೈಸ್ (20 ಗ್ರಾಂ) 14, ಕಾಗದ ಮತ್ತು ಕೆಚಪ್ 3. ಒಟ್ಟು 42 ರೂ. ಸಾಮಾನಿನ ಖರ್ಚು ಬೆಲೆಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಇರಬೇಕೆಂದರೆ 130 ರೂ. ಬರುತ್ತದೆ. ಬ್ರೆಡ್ಡಿನ ಲೆಕ್ಕದಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ಒಂದು ಪೌಂಡಿನ ಬೆಲೆಯನ್ನು ಎಲ್ಲ ಸ್ಲೈಸ್‌ಗೂ ಹಂಚುತ್ತಾರೆ. ಎರಡು ತುದಿಯ ತುಂಡು ಬಳಕೆಗೆ ಬರುವುದಿಲ್ಲ, ಅವನ್ನು ಬಿಟ್ಟು ಹಂಚಿ.

ಸಾಮಾನ್ಯ ಕೆಫೆಗೆ ಜಿಎಸ್‌ಟಿ ಶೇ 5, ಹೂಡುವಳಿ ತೆರಿಗೆಯ (ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯ) ಹಿಂಪಡೆತ ಇಲ್ಲ. ಆದ್ದರಿಂದ ಚೀಸ್, ಬೆಣ್ಣೆಗೆ ನೀವು ಕೊಟ್ಟ ತೆರಿಗೆಯೂ ನಿಮ್ಮ ಖರ್ಚೇ. 130ರ ಮೇಲೆ ತೆರಿಗೆ ಹಾಕಿದರೆ ಗಿರಾಕಿ ಕೊಡುವುದು 136.50. ತೆರಿಗೆ ಸೇರಿ 130 ಎಂದು ತೋರಿಸಿದರೆ ನಿಮಗೆ ಉಳಿಯುವುದು 123.81. ನಮ್ಮ ಸಲಹೆ: ಸೇರಿಸಿಯೇ 135 ಎಂದು ತೋರಿಸಿ, ಬಿಲ್ಲಿನಲ್ಲಿ ಒಡೆದು ಕಾಣಿಸಿ. ಯುಪಿಐಯಲ್ಲಿ ಕೊಡುವವರಿಗೂ ನಗದು ಕೊಡುವವರಿಗೂ ಮೆನುವಿನಲ್ಲಿ ಕಂಡದ್ದೇ ಕೊನೆಯ ಅಂಕಿ. ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ತೆರಿಗೆ ಕಟ್ಟುವ ವ್ಯವಸ್ಥೆ) ಇರುವವರು ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ.

‘ಹೆಚ್ಚುವರಿ ಚೀಸ್’ಗೆ 14ರ ಸಾಮಾನಿಗೆ 40 ಇಡಬಹುದು. ಆದರೆ ಆಗ ನಿಜವಾಗಿಯೂ ಪೂರ್ತಿ ಸ್ಲೈಸ್ ಹೋಗಬೇಕು, ಅರ್ಧವಲ್ಲ.

ಪ್ರಶ್ನೆ: ಫೋಟೊ ಎಲ್ಲದಕ್ಕೂ ಬೇಕೇ? — ಓದುಗರು, ಯಲಹಂಕ

ಉತ್ತರ: ಬೇಡ. ಮೊದಲ ನಾಲ್ಕಕ್ಕೆ ಸಾಕು. ಕತ್ತರಿಸಿದ ಮುಖ ಕ್ಯಾಮೆರಾ ಕಡೆಗಿರಲಿ, ಒಳಗಿನ ಪದರ ಕಾಣಲಿ. ಕಿಟಕಿಯ ಪಕ್ಕದ ಬೆಳಕು, ಒಂದೇ ತಟ್ಟೆ, ಒಂದೇ ಕೋನ. ಗ್ರಿಲ್‌ನಿಂದ ತೆಗೆದ ಎರಡು ಮೂರು ನಿಮಿಷದೊಳಗೆ ತೆಗೆಯಿರಿ. ಆಮೇಲೆ ಚೀಸ್ ಬಿಗಿಯುತ್ತದೆ, ಟೊಮೆಟೊ ನೀರು ಬಿಡುತ್ತದೆ. ಚೌಕಾಕಾರ, 800 ಪಿಕ್ಸೆಲ್, 100 ಕೆಬಿ ಒಳಗೆ ಇರಲಿ. ಇಂಟರ್ನೆಟ್ಟಿನಿಂದ ಎತ್ತಿದ ಮೂರಂತಸ್ತಿನ ಸ್ಯಾಂಡ್‌ವಿಚ್ ಚಿತ್ರ ಬೇಡವೇ ಬೇಡ.

ಪ್ರಶ್ನೆ: ಕೌಂಟರ್ ಮೇಲೆ ಟಿವಿ, ಮೇಜಿನ ಮೇಲೆ ಕ್ಯೂಆರ್ ಎರಡೂ ಇವೆ. ಅಳತೆಗೇನಾದರೂ ನಿಯಮವಿದೆಯೇ? — ಓದುಗರು, ಕೋರಮಂಗಲ

ಉತ್ತರ: ಟಿವಿಗೆ: 10 ಅಡಿ ದೂರದಿಂದ ಓದಲು ಅಕ್ಷರ ಕನಿಷ್ಠ 1 ಇಂಚು ಎತ್ತರ ಬೇಕು, ಕನ್ನಡಕ್ಕೆ ಸ್ವಲ್ಪ ಹೆಚ್ಚೇ ಇರಲಿ. ಹಾಗಾಗಿ ಟಿವಿಯಲ್ಲಿ ಆರು ಸ್ಯಾಂಡ್‌ವಿಚ್, ಬೆಲೆ, ಅಷ್ಟೇ. ಸ್ಲೈಡ್ ಬದಲಾಗುವಂತೆ ಮಾಡಬೇಡಿ. ಸಾಲಿನಲ್ಲಿ ನಿಂತವರು ಓದುತ್ತಿರುವಾಗಲೇ ಪಟ್ಟಿ ಮಾಯವಾಗಿ, ಅದು ಮತ್ತೆ ಬರುವ ತನಕ ಸಾಲು ನಿಲ್ಲುತ್ತದೆ.

ಕ್ಯೂಆರ್‌ಗೆ: ಮೇಜಿನ ಮೇಲೆ 3ರಿಂದ 4 ಸೆಂ.ಮೀ. ಸಾಕು. ಸುತ್ತ ಬಿಳಿ ಅಂಚು ಕೋಡ್‌ನ ನಾಲ್ಕು ಚೌಕದಷ್ಟು ಇರಲೇಬೇಕು, ಅಲಂಕಾರದ ಗೆರೆ ಅದರೊಳಗೆ ನುಗ್ಗಬಾರದು. ಹೊಳಪಿನ ಲ್ಯಾಮಿನೇಷನ್ ಮೇಲೆ ದೀಪ ಪ್ರತಿಫಲಿಸಿ ಸ್ಕ್ಯಾನ್ ಆಗುವುದಿಲ್ಲ, ಮ್ಯಾಟ್ ಹಾಕಿಸಿ. ಉಚಿತ ಪ್ರಯೋಗಾವಧಿಯ ಕೋಡ್ ಬಳಸಿದರೆ ಅವಧಿ ಮುಗಿದ ದಿನ ಎಲ್ಲ ಮೇಜಿನ ಸ್ಟಿಕ್ಕರ್ ಒಟ್ಟಿಗೆ ಸಾಯುತ್ತವೆ. ನಿಮ್ಮದೇ ವೆಬ್ ವಿಳಾಸಕ್ಕೆ ನೇರ ಕೋಡ್ ಮಾಡಿಸಿ. ಸ್ಕ್ಯಾನ್ ಮಾಡಿದವರನ್ನು ನೇರ ಮೆನುವಿಗೆ ಒಯ್ಯಿರಿ, ಮೊಬೈಲ್ ನಂಬರ್ ಕೇಳಬೇಡಿ. ಹಣ ಕಟ್ಟುವ ಕೋಡ್ ಮತ್ತು ಮೆನು ಕೋಡ್ ಬೇರೆ ಬೇರೆ ಬಣ್ಣದ ಕಾರ್ಡಿನಲ್ಲಿರಲಿ. ಫೋನ್ ಬೇಡವೆನ್ನುವ ಹಿರಿಯರಿಗಾಗಿ ಅಚ್ಚು ಹಾಕಿಸಿದ ಕಾರ್ಡ್ ಎರಡು ಮೂರು ಕೌಂಟರಿನಲ್ಲಿಡಿ, ಮೊಬೈಲ್ ಮೆನುವಿನಲ್ಲಿ ಬೆಲೆ ತಿದ್ದಿದ ದಿನವೇ ಅದನ್ನೂ ಬದಲಿಸಿ.